ನಾಲ್ಕರಲ್ಲಿ ಒಂದು

ಪರದೆಯ ಮೇಲೆ ‘ಇಲ್ಲ’ ಎಂದು ಬಂದಾಗ ಚೂಟಿಗೆ ಮೊದಲು ನಗು ಬಂತು. ದೊಡ್ಡಿಗೆ ರೋಗ ತಡೆಯುವ ಗುಣವೇ ಇಲ್ಲವಂತೆ! ಬೆಂಕಿಗೆ ಬಿಸಿಯಿಲ್ಲ ಎಂದ ಹಾಗಾಯಿತು. ದೊಡ್ಡಿ ಎಂದರೆ ಸಂಶೋಧನಾ ಕೇಂದ್ರದ ಗಾಜಿನ ಮನೆಯ ಮೂಲೆಯಲ್ಲಿ ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದ ಒಂದು ಆಲೂಗಡ್ಡೆ ತಳಿ. ಅಂಗಮಾರಿ ರೋಗವನ್ನು ಎಷ್ಟು ಸಲ ಅದರ ಎಲೆಗೆ ಬೇಕೆಂದೇ ಬಳಿದರೂ ಒಂದು ಕಪ್ಪು ಚುಕ್ಕೆ ಕೂಡ ಬಿದ್ದದ್ದಿಲ್ಲ. ಕೇಂದ್ರದ ಗೇಟಿನಲ್ಲಿ ಕೂರುವವರಿಗೂ ಗೊತ್ತಿದ್ದ ಸಂಗತಿ ಅದು.

ಫೈಲು ಅದಲುಬದಲಾಗಿರಬೇಕು ಎಂದುಕೊಂಡು ಅವಳು ಬಂದ ಉತ್ತರ ಅಳಿಸಿ ಕಂಪ್ಯೂಟರಿನಲ್ಲಿ ಮೊದಲಿನಿಂದ ಮತ್ತೆ ಓಡಿಸಿದಳು. ಶನಿವಾರ, ಅರ್ಧ ದಿನದ ಕೆಲಸ. ಕಚೇರಿಯಲ್ಲಿ ಅವಳೊಬ್ಬಳೇ. ಪಕ್ಕದ ಕೋಣೆಯಲ್ಲಿ ಸರ್ವರಿನ ಫ್ಯಾನುಗಳು ಹೂಂಗುಡುತ್ತಿದ್ದವು. ಚಹಾ ಮಾಡಿಕೊಂಡು ಬಂದು, ಲೋಟ ಇಡಲು ಮೇಜಿನ ಮೇಲೆ ಜಾಗ ಮಾಡಿಕೊಂಡು ನೋಡಿದರೆ ಮತ್ತೆ ಅದೇ ಉತ್ತರ. ಇಲ್ಲ. ಈ ಸಲ ಅವಳು ನಗಲಿಲ್ಲ.

ಚೂಟಿ ಎಂಬುದು ಮನೆಯಲ್ಲಿಟ್ಟ ಅಡ್ಡಹೆಸರು. ಮೂರು ಜನ ಸೇರಿ ಬಿಡಿಸಲಾಗದ ಗಂಟನ್ನು ಮಗುವಾಗಿದ್ದಾಗಲೇ ಬಿಡಿಸುತ್ತಿದ್ದಳಂತೆ, ಹಾಗಾಗಿ ಚೂಟಿ. ಮೂವತ್ತೇಳು ತುಂಬಿದ ಮೇಲೂ ಆ ಹೆಸರು ಬಿಟ್ಟುಹೋಗಲಿಲ್ಲ, ಹೆಸರಿನ ಜೊತೆ ಬಂದ ಜಂಬವೂ ಬಿಟ್ಟುಹೋಗಲಿಲ್ಲ. ಕೇಂದ್ರದಲ್ಲಿ ಅವಳ ಕೆಲಸ ಗಿಡಗಳ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಓದಿ ಹೇಳುವುದು. ಡಿಎನ್‌ಎ ಓದುವ ಯಂತ್ರಕ್ಕೆ ಇಡೀ ಪುಸ್ತಕವನ್ನು ಒಂದೇ ಸಲ ಓದುವ ತಾಳ್ಮೆ ಇರುವುದಿಲ್ಲ. ಅದು ಪುಟಗಳನ್ನೆಲ್ಲ ಹರಿದು ಚಿಂದಿಚಿಂದಿ ಮಾಡಿ ಮುಂದೆ ಸುರಿಯುತ್ತದೆ. ಆ ಚಿಂದಿಯ ಕೊಳೆ ತೆಗೆಯಬೇಕು, ಒಂದೊಂದು ತುಣುಕನ್ನೂ ಅದರ ಜಾಗಕ್ಕೆ ಹೊಂದಿಸಬೇಕು, ಮಾದರಿ ಗಿಡಕ್ಕೂ ಈ ಗಿಡಕ್ಕೂ ಎಲ್ಲಿ ಯಾವ ಅಕ್ಷರ ಬೇರೆ ಎಂದು ಗುರುತಿಸಬೇಕು, ಅದರಲ್ಲಿ ಯಂತ್ರದ ತಪ್ಪು ಯಾವುದು, ನಿಜವಾದ ವ್ಯತ್ಯಾಸ ಯಾವುದು ಎಂದು ಜರಡಿ ಹಿಡಿಯಬೇಕು.

ಮೊದಲೆಲ್ಲ ಈ ಕೆಲಸವನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಿದ್ದರು. ಒಂದೇ ಗಿಡಕ್ಕೆ ನಾಲ್ಕು ಜನ ನಾಲ್ಕು ಉತ್ತರ ತಂದು, ಸಂತೆಯಲ್ಲಿ ನಿಂತ ಹಾಗೆ ಅವಳ ಮೇಜಿನ ಮುಂದೆ ನಿಂತು ಜಗಳವಾಡುತ್ತಿದ್ದರು. ಚೂಟಿ ರೋಸಿಹೋದಳು. ಎಲ್ಲ ಹಂತಗಳನ್ನೂ ಒಂದಕ್ಕೊಂದು ಜೋಡಿಸಿ ಒಂದು ಪೈಪ್‌ಲೈನ್ ಕಟ್ಟಿದಳು. ಈ ತುದಿಯಲ್ಲಿ ಫೈಲು ಹಾಕಿ ಗುಂಡಿ ಒತ್ತಿದರೆ ಆ ತುದಿಯಲ್ಲಿ ಪಟ್ಟಿ ಬರುತ್ತದೆ. ಇವತ್ತು ಟೊಮೆಟೊ ಹಾಕಿ, ನಾಳೆ ಬಟಾಣಿ ಹಾಕಿ, ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ಬಳಸಬಹುದು. ಮೊದಮೊದಲು ಅದು ಬಳಸುವವರನ್ನು ಹತ್ತಾರು ಪ್ರಶ್ನೆ ಕೇಳುತ್ತಿತ್ತು. ಜನ ಬಾಯಿಗೆ ಬಂದದ್ದನ್ನು ತುಂಬಿ ಕೆಡಿಸುತ್ತಿದ್ದರು. ಕೇಳಿದರೆ ತಾನೇ ತಪ್ಪು ಉತ್ತರ ಕೊಡುವುದು, ಕೇಳುವುದೇ ಬೇಡ ಎಂದು ಚೂಟಿ ಒಂದು ದಿನ ಕುಳಿತು ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿ, ಸರಿಯಾದ ಉತ್ತರಗಳನ್ನು ತಾನೇ ಒಳಗೆ ತುಂಬಿ ಮುಚ್ಚಿಬಿಟ್ಟಳು. ಟೊಮೆಟೊ ಹಾಕಿ ಪರೀಕ್ಷಿಸಿದಳು. ಮುತ್ತು ಪೋಣಿಸಿದ ಹಾಗೆ ಪಟ್ಟಿ ಬಂತು.

ನಿರ್ದೇಶಕರು ಹಿರಿಹಿರಿ ಹಿಗ್ಗಿ ಬೇರೆ ಕೇಂದ್ರಗಳಿಗೆಲ್ಲ ಪತ್ರ ಬರೆದು ಹಂಚಿದರು. ಇಪ್ಪತ್ತಕ್ಕೂ ಹೆಚ್ಚು ಕಡೆಯವರು ಅದನ್ನು ಇಳಿಸಿಕೊಂಡರು. ಅಮ್ಮ ಮಾತ್ರ ನೆರೆಮನೆಯವರಿಗೆ, ‘ನಮ್ಮ ಚೂಟಿ ಆಫೀಸಿನಲ್ಲಿ ಪೈಪು ಹಾಕಿದಾಳಂತೆ, ನಿಮ್ಮ ನಲ್ಲಿ ಸೋರಿದ್ರೆ ಹೇಳಿ’ ಎನ್ನುತ್ತಿದ್ದರು.

ಈಗ ಅದೇ ಪೈಪ್‌ಲೈನ್ ದೊಡ್ಡಿಯ ಬಗ್ಗೆ ಇಲ್ಲ ಎನ್ನುತ್ತಿತ್ತು. ಹೊಸದಾಗಿ ಬಳಸುವವರು ಅಭ್ಯಾಸ ಮಾಡಿಕೊಳ್ಳಲೆಂದು ಉತ್ತರ ಗೊತ್ತಿರುವ ಕೆಲವು ಗಿಡಗಳನ್ನು ಜೊತೆಗೆ ಇಟ್ಟುಕೊಡೋಣ ಎಂದು ಚೂಟಿ ದೊಡ್ಡಿಯನ್ನು ಹಾಕಿದ್ದಳು. ಅದಕ್ಕೆ ಮೊದಲು ಯಾರೂ ದೊಡ್ಡಿಯನ್ನು ಹಾಕಿರಲಿಲ್ಲ. ಊರಿಗೇ ಗೊತ್ತಿರುವ ಗುಣಕ್ಕೆ ಪರೀಕ್ಷೆ ಯಾಕೆ ದಂಡ ಎಂದು ಬಿಟ್ಟಿದ್ದರು.

ದೊಡ್ಡಿಗೆ ಒಬ್ಬಳು ಮಗಳಿದ್ದಳು, ಮೊಂಡಿ. ಅದನ್ನು ನೆನೆದದ್ದೇ ತಡ ಚೂಟಿ ಚಹಾದ ಲೋಟವನ್ನು ಆಚೆ ಸರಿಸಿದಳು.

ಮೊಂಡಿ ಚೂಟಿಯ ಅತ್ತಿಗೆ ಬೆಳೆಸಿದ ಗಿಡ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅದೇ ಕೇಂದ್ರದಲ್ಲಿ ಆಲೂಗಡ್ಡೆಯ ತಳಿ ತಜ್ಞೆ. ಅತ್ತಿಗೆ ನಾದಿನಿ ಒಂದೇ ಸೂರಿನಡಿ ಇದ್ದು, ಒಂದೇ ಕಡೆ ಕೆಲಸ ಮಾಡಿಯೂ ಮುಖ ಮುರಿದುಕೊಳ್ಳದೆ ಇದ್ದಾರೆಂದು ಕಂಡವರು ಬೆರಗಾಗುತ್ತಿದ್ದರು. ಗುಟ್ಟೇನೆಂದರೆ ಅತ್ತಿಗೆ ಮಾತೇ ಕಡಿಮೆ. ಆಡಿದರೆ ಆಲೂಗಡ್ಡೆಯ ಮಾತು. ಕಾಡು ಆಲೂಗಡ್ಡೆಯಲ್ಲಿ ಅಂಗಮಾರಿ ತಡೆಯುವ ಗುಣ ಉಂಟು, ಆದರೆ ಅದರ ಗಡ್ಡೆ ಗೋಲಿಯಷ್ಟು, ಬಾಯಿಗಿಟ್ಟರೆ ಕಹಿ. ಊಟಕ್ಕಾಗುವ ಆಲೂಗಡ್ಡೆ ದಪ್ಪ, ರುಚಿ, ಆದರೆ ರೋಗ ಬಂದರೆ ಮೂರೇ ದಿನದಲ್ಲಿ ಕೊಳೆತು ನಾರುತ್ತದೆ. ಇವೆರಡನ್ನೂ ಕೂಡಿಸಿ, ಹುಟ್ಟಿದ್ದರಲ್ಲಿ ಆರಿಸಿ, ಮತ್ತೆ ಕೂಡಿಸಿ, ಅತ್ತಿಗೆ ಹನ್ನೊಂದು ವರ್ಷ ಕಳೆದಿದ್ದರು. ನಡುವೆ ಹುಟ್ಟಿದ ದೊಡ್ಡಿಯ ಗಡ್ಡೆಯಲ್ಲಿ ಕಾಡಿನ ಕಹಿ ಉಳಿದಿತ್ತು, ಎಲ್ಲದರ ಕೊನೆಗೆ ಹುಟ್ಟಿದವಳು ಮೊಂಡಿ. ದಪ್ಪ ಗಡ್ಡೆ, ತೆಳು ಸಿಪ್ಪೆ. ಹೋದ ವರ್ಷ ಹೊಲಕ್ಕೆ ರೋಗ ನುಗ್ಗಿ ಸುತ್ತಲಿನ ಸಾಲುಗಳೆಲ್ಲ ಕಪ್ಪಾಗಿ ಮಲಗಿದಾಗ ಮೂಲೆಯಲ್ಲಿ ಅದೊಂದೇ ಹಸಿರಾಗಿ ನಿಂತಿತ್ತು. ಹಾಗೆ ನಿಂತದ್ದಕ್ಕೇ ಆ ಹೆಸರು. ಆಲೂಗಡ್ಡೆಯ ಬೀಜದಿಂದ ಹುಟ್ಟುವ ಒಂದೊಂದು ಗಿಡವೂ ಬೇರೆಬೇರೆ, ಒಡಹುಟ್ಟಿದವರ ಹಾಗೆ. ಗಡ್ಡೆ ಇದ್ದರಷ್ಟೇ ಅದೇ ಗಿಡ ಮತ್ತೆ ಬರುತ್ತದೆ. ಮೊಂಡಿಯ ಒಂದು ಗಿಡ ಗಾಜಿನ ಮನೆಯ ಕುಂಡದಲ್ಲಿತ್ತು, ಗಡ್ಡೆ ಶೀತಲ ಕೋಣೆಯಲ್ಲಿ ಒಂದು ಚೀಲದಲ್ಲಿತ್ತು, ಪುಟ್ಟ ಸಸಿಗಳು ಪ್ರಯೋಗಾಲಯದ ಬಾಟಲಿಗಳಲ್ಲಿದ್ದವು. ಪ್ರಪಂಚದಲ್ಲಿ ಮೊಂಡಿ ಇದ್ದದ್ದು ಅಷ್ಟೇ.

ಗಾಜಿನ ಮನೆಯ ಅರ್ಧ ಜಾಗ ಬೇರೆಯವರಿಗೆ ಬೇಕಾಗಿದೆ, ನೂರಿಪ್ಪತ್ತು ತಳಿಯಲ್ಲಿ ಆರನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕಿ ಎಂದು ನಿರ್ದೇಶಕರು ಆ ತಿಂಗಳ ಮೊದಲಲ್ಲಿ ಹೇಳಿದ್ದರು. ರೋಗ ಬಳಿದು ಪರೀಕ್ಷೆ ಮಾಡುವಷ್ಟು ಸಮಯ ಕೊಟ್ಟಿರಲಿಲ್ಲ. ‘ಮನೆಯಲ್ಲೇ ಪೈಪ್‌ಲೈನ್ ಇದೆಯಲ್ಲ ತಾಯಿ, ಇನ್ನೇನು ಚಿಂತೆ’ ಎಂದು ನಕ್ಕಿದ್ದರು. ಅತ್ತಿಗೆ ನೂರಿಪ್ಪತ್ತು ಎಲೆಗಳನ್ನು ಕಿತ್ತು ಕೊಟ್ಟರು. ಚೂಟಿ ಗುಂಡಿ ಒತ್ತಿದಳು. ಆರು ತಳಿಗೆ ‘ಇದೆ’ ಎಂದು ಬಂತು, ಆ ಆರೂ ಗೋಲಿಯಷ್ಟು ಗಡ್ಡೆ ಬಿಡುವ ಕಹಿ ಕುಳಗಳು. ಮೊಂಡಿಗೆ ‘ಇಲ್ಲ’ ಎಂದು ಬಂತು.

ಆ ರಾತ್ರಿ ಊಟದ ಮೇಜಿನಲ್ಲಿ ಅತ್ತಿಗೆ ತಟ್ಟೆಯನ್ನೇ ನೋಡುತ್ತಾ ಹೇಳಿದ್ದರು, ‘ನನಗ್ಯಾಕೋ ಒಪ್ಪಿಗೆ ಆಗ್ತಿಲ್ಲ. ಸುತ್ತ ಇದ್ದಿದ್ದೆಲ್ಲ ಸತ್ತು, ಅದೊಂದೇ ನಿಂತಿತ್ತು. ನಾನೇ ಕಣ್ಣಾರೆ ನೋಡಿದೀನಿ.’

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆ’ ಎಂದಿದ್ದ ಅಣ್ಣ. ಅವನು ಶಾಲೆಯಲ್ಲಿ ಗಣಿತದ ಮೇಷ್ಟ್ರು. ‘ಈಗ ಪ್ರಮಾಣವೂ ಬಂದಾಯ್ತಲ್ಲ. ಅಂಕಿ ಅಂಶಕ್ಕೆ ಯಾರ ಮೇಲೂ ಪ್ರೀತಿ ಇರಲ್ಲ.’

‘ಹೆತ್ತವರಿಗೆ ಹೆಗ್ಗಣ ಮುದ್ದು ಕಣಮ್ಮ’ ಎಂದಿದ್ದರು ಅಮ್ಮ, ಸೊಸೆಯ ತಟ್ಟೆಗೆ ಇನ್ನಷ್ಟು ಬಡಿಸುತ್ತಾ.

ಚೂಟಿ ಆಡಿದ ಮಾತು ಎಲ್ಲಕ್ಕಿಂತ ಜೋರಾಗಿತ್ತು. ‘ಅತ್ತಿಗೆ, ಅದು ಮೂಲೆ ಸಾಲು. ಗಾಳಿ ಅಲ್ಲಿಗೆ ರೋಗ ತಂದಿರಲ್ಲ, ಉಳ್ಕೊಂಡಿದೆ, ಅಷ್ಟೇ. ಅದೃಷ್ಟ. ಅದೃಷ್ಟವನ್ನೆಲ್ಲ ಜರಡಿ ಹಿಡಿಯೋದಕ್ಕೇ ನಾನು ಇದನ್ನ ಕಟ್ಟಿರೋದು.’

ಅತ್ತಿಗೆ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ್ದರು. ಆಮೇಲೆ, ‘ಸರಿ. ಬೇರೆ ಯಾರು ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ. ನೀನು ಹೇಳ್ತಿದೀಯಲ್ಲ, ಸರಿ’ ಎಂದು ಎದ್ದು ಕೈ ತೊಳೆದುಕೊಂಡಿದ್ದರು. ಚೂಟಿಗೆ ಆ ಮಾತು ಕೇಳಿ ಒಳಗೊಳಗೇ ಖುಷಿಯಾಗಿತ್ತು. ಅತ್ತಿಗೆಯ ಬಾಯಲ್ಲಿ ಅಷ್ಟು ಒಳ್ಳೆಯ ಮಾತು ಬರುವುದು ಅಪರೂಪ.

ಅದನ್ನೆಲ್ಲ ನೆನೆಯುತ್ತಾ ಅವಳು ಚಹಾ ಮುಟ್ಟದೆ ಪೈಪ್‌ಲೈನಿನ ಹೊಟ್ಟೆ ಬಗೆಯತೊಡಗಿದಳು. ಜರಡಿ ಹಿಡಿಯುವ ಮೊದಲು ತುಣುಕುಗಳು ಹೇಗಿದ್ದವೋ ಹಾಗೇ ತೆರೆದು ದೊಡ್ಡಿಯ ಆ ಒಂದು ಜಾಗವನ್ನು ನೋಡಿದಳು. ನಲವತ್ತು ತುಣುಕುಗಳು ಒಂದರ ಕೆಳಗೊಂದು ಸಾಲಾಗಿದ್ದವು. ಮೂವತ್ತರಲ್ಲಿ ಊಟದ ಆಲೂಗಡ್ಡೆಯ ಅಕ್ಷರ. ಹತ್ತರಲ್ಲಿ ಕಾಡು ಆಲೂಗಡ್ಡೆಯ ಅಕ್ಷರ.

ಹತ್ತು! ಯಂತ್ರ ತಪ್ಪು ಮಾಡಿದರೆ ಒಂದು ಮಾಡೀತು, ಎರಡು ಮಾಡೀತು. ಹತ್ತು ತುಣುಕುಗಳು ಮಾತಾಡಿಕೊಂಡು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುತ್ತವೆಯೇ? ಇಷ್ಟು ಸ್ಪಷ್ಟವಾಗಿ ಇರುವುದನ್ನು ತನ್ನ ಜರಡಿ ಎಸೆದದ್ದಾದರೂ ಯಾಕೆ? ಅವಳು ಜರಡಿಯ ಸಾಲನ್ನು ತೆರೆದಳು. ತಾನೇ ಬರೆದ ಸಾಲು, ತನ್ನದೇ ಕೈಬರಹದಷ್ಟು ಪರಿಚಿತ. ಮೂರನೇ ಒಂದು ಪಾಲಿಗಿಂತ ಕಡಿಮೆ ತುಣುಕುಗಳಲ್ಲಿ ಕಂಡ ವ್ಯತ್ಯಾಸವನ್ನು ಕೊಳೆ ಎಂದು ತಿಳಿದು ಬಿಟ್ಟುಬಿಡು. ಅದರ ಮೇಲಿನ ಸಾಲಿನಲ್ಲಿ, ಒಂದು ಗಿಡದಲ್ಲಿ ಪ್ರತಿ ಪುಟಕ್ಕೆ ಎಷ್ಟು ಪ್ರತಿ ಎಂಬ ಜಾಗದಲ್ಲಿ, ಎರಡು ಎಂದು ತುಂಬಿತ್ತು.

ಟೊಮೆಟೊಗೆ ಎರಡು. ತಾಯಿಯದೊಂದು, ತಂದೆಯದೊಂದು. ಎರಡೇ ಪ್ರತಿ ಇದ್ದಾಗ ನಿಜವಾದ ವ್ಯತ್ಯಾಸ ಅರ್ಧ ತುಣುಕುಗಳಲ್ಲಾದರೂ ಇರಲೇಬೇಕು, ಕಾಲು ಭಾಗದಲ್ಲಿ ಕಂಡದ್ದು ಕೊಳೆಯೇ ಸರಿ.

ಆಲೂಗಡ್ಡೆಗೆ ನಾಲ್ಕು.

ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದಳು. ಆಲೂಗಡ್ಡೆಯ ಒಂದೊಂದು ಪುಟವೂ ನಾಲ್ಕು ಪ್ರತಿ ಇರುತ್ತದೆ. ನಾಲ್ಕರಲ್ಲಿ ಒಂದೇ ಒಂದು ಪ್ರತಿ ಕಾಡಿನಿಂದ ಬಂದಿದ್ದರೂ ಗಿಡ ರೋಗ ತಡೆಯುತ್ತದೆ. ಆ ಒಂದು ಪ್ರತಿಯ ದನಿ ಕಾಲು ಭಾಗ ತುಣುಕುಗಳಲ್ಲಿ ಮಾತ್ರ ಕೇಳುತ್ತದೆ. ಆ ಕಾಲು ಭಾಗವನ್ನೇ ಅವಳ ಪೈಪ್‌ಲೈನ್ ಸುಳ್ಳೆಂದು ಗುಡಿಸಿ ಆಚೆ ಹಾಕುತ್ತಿತ್ತು. ‘ಇದೆ’ ಎಂದು ಬಂದಿದ್ದ ಆ ಆರು ಕಹಿ ಕುಳಗಳಲ್ಲಿ ಅದು ಎರಡೆರಡು ಪ್ರತಿ ಇತ್ತು, ಅದಕ್ಕೇ ಅವು ಪಾರಾಗಿದ್ದವು.

ಅವಸರದಲ್ಲಿ ಅವಳು ಎರಡು ಸಲ ತಪ್ಪು ಒತ್ತಿ, ಮೂರನೇ ಸಲಕ್ಕೆ ಮೊಂಡಿಯ ಫೈಲು ತೆರೆದಳು. ಬೇಡ, ಇಲ್ಲಿ ಏನೂ ಇರದಿರಲಿ, ಒಂದೂ ಇರದಿರಲಿ ಎಂದು ಬೇಡಿಕೊಂಡಳು. ತನ್ನ ಪೈಪ್‌ಲೈನ್ ಸರಿ ಇರಲಿ ಎಂದಲ್ಲ, ಆ ಗಿಡ ನಿಜಕ್ಕೂ ಕೆಲಸಕ್ಕೆ ಬಾರದ್ದಾಗಿರಲಿ ಎಂದು.

ಮೂವತ್ತಾರು ತುಣುಕು. ಒಂಬತ್ತರಲ್ಲಿ ಕಾಡಿನ ಅಕ್ಷರ.

ಅತ್ತಿಗೆ ಕಣ್ಣಾರೆ ಕಂಡದ್ದು ನಿಜವಾಗಿತ್ತು. ಅದೃಷ್ಟವೂ ಅಲ್ಲ, ಮೂಲೆಯ ಸಾಲಿನ ಗಾಳಿಯೂ ಅಲ್ಲ. ಹನ್ನೊಂದು ವರ್ಷ ಹುಡುಕಿದ್ದು ಕೈಗೆ ಬಂದಿತ್ತು. ಅದು ಇಲ್ಲ ಎಂದು ಊಟದ ಮೇಜಿನಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದವಳು ಅವಳು.

ಬಾಟಲಿಗಳು! ಬುಧವಾರವೇ ಗಾಜಿನ ಮನೆಯ ಗಿಡವನ್ನು ಕಿತ್ತು, ಆ ಬಾಟಲಿಗಳನ್ನೆಲ್ಲ ಸಸಿಗಳ ಸಮೇತ ಹಬೆ ಯಂತ್ರದಲ್ಲಿ ಬೇಯಿಸಿ ತೊಳೆದಿಟ್ಟಿದ್ದರು. ಆ ತೊಳೆದ ಬಾಟಲಿಗಳು ಕಾರಿಡಾರಿನ ಗಾಡಿಯಲ್ಲಿ ತಲೆಕೆಳಗಾಗಿ ಒಣಗುತ್ತಿದ್ದುದನ್ನು ಬೆಳಿಗ್ಗೆ ತಾನೇ ದಾಟಿಕೊಂಡು ಬಂದಿದ್ದಳು. ಫ್ರೀಜರಿನಲ್ಲಿ ಮೊಂಡಿಯ ಡಿಎನ್‌ಎ ಇನ್ನೂ ಒಂದು ಹನಿ ಇತ್ತು. ಅದರಿಂದ ಮೊಂಡಿಯ ಪ್ರತಿಯೊಂದು ಅಕ್ಷರವನ್ನೂ ಓದಬಹುದು, ಗಿಡವೊಂದನ್ನು ಎಬ್ಬಿಸಲಾಗದು. ಸತ್ತವರ ಜಾತಕ ಇಟ್ಟುಕೊಂಡ ಹಾಗೆ.

ಗಡ್ಡೆಗಳು! ಶೀತಲ ಕೋಣೆಯ ಚೀಲವನ್ನು ಅತ್ತಿಗೆ ನಿನ್ನೆ ಸಂಜೆ ಮನೆಗೆ ತಂದಿದ್ದರು. ತೆಗೆದುಹಾಕಿದ ಗಡ್ಡೆ ಗೇಟು ದಾಟಬಾರದು ಎಂಬುದು ಕೇಂದ್ರದ ನಿಯಮ. ನಿಯಮಕ್ಕೆ ಕೂದಲೆಳೆಯಷ್ಟೂ ತಪ್ಪದ ಅತ್ತಿಗೆ, ಅದನ್ನು ಹಬೆಗೆ ಹಾಕಲು ಮನಸ್ಸು ಬಾರದೆ, ಊಟದ ಡಬ್ಬಿಯ ಚೀಲದಲ್ಲಿ ಬಚ್ಚಿಟ್ಟು ತಂದು ಅಡುಗೆಮನೆಯಲ್ಲಿ ಇಟ್ಟಿದ್ದರು.

ಮನೆಯಲ್ಲಿದೆ. ಗಡ್ಡೆ ಮನೆಯಲ್ಲಿದೆ. ಒಂದು ಸಾಕು, ಅರ್ಧ ಸಾಕು, ಒಂದು ಕಣ್ಣಿರುವ ಚೂರು ಸಿಕ್ಕರೂ ಸಾಕು. ಚೂಟಿ ಅತ್ತಿಗೆಗೆ ಫೋನ್ ಮಾಡಿದಳು, ಎತ್ತಲಿಲ್ಲ. ಅಮ್ಮನಿಗೆ ಮಾಡಿದಳು, ಎತ್ತಲಿಲ್ಲ. ಅಮ್ಮನ ಫೋನು ಯಾವತ್ತೂ ದಿಂಬಿನ ಕೆಳಗೇ ಇರುತ್ತದೆ, ಅದು ಬೇರೆ ಮಾತು. ಕಂಪ್ಯೂಟರು ಆರಿಸದೆ, ಬಾಗಿಲು ಹಾಕದೆ, ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿದು ಸೈಕಲ್ ಹತ್ತಿದಳು. ಕೇಂದ್ರದ ಹಿಂದಿನ ರಸ್ತೆ, ಔಷಧಿ ಅಂಗಡಿ, ಶಾಲೆಯ ಗೋಡೆ, ಆಮೇಲೆ ಸಾಲು ಮನೆಗಳು. ದಿನಾ ಹೋಗುವ ದಾರಿ ಆ ಮಧ್ಯಾಹ್ನ ಹಾವಿನ ಹಾಗೆ ಉದ್ದವಾಗುತ್ತಾ ಹೋಯಿತು.

ಬಾಗಿಲು ತೆರೆಯುವಾಗಲೇ ವಾಸನೆ ಬಂತು. ಬೆಂದ ಆಲೂಗಡ್ಡೆಯ ವಾಸನೆ.

ಅತ್ತಿಗೆ ಊಟದ ಮೇಜಿನಲ್ಲಿ ಕುಳಿತಿದ್ದರು. ತಟ್ಟೆಯಲ್ಲಿ ಉಪ್ಪು, ಒಂದಿಷ್ಟು ಬೆಣ್ಣೆ, ಅರ್ಧ ತಿಂದ ಆಲೂಗಡ್ಡೆ. ಅಮ್ಮ ಪಾತ್ರೆಯ ನೀರು ಬಸಿಯುತ್ತಿದ್ದರು.

‘ಬಂದ್ಯಾ? ಸರಿಯಾದ ಹೊತ್ತಿಗೆ ಬಂದೆ ನೋಡು, ಬಿಸಿಬಿಸಿ ಇದೆ’ ಎಂದರು ಅಮ್ಮ.

‘ಎಷ್ಟು ಬೇಯಿಸಿದ್ರಿ? ಅಮ್ಮಾ, ಎಷ್ಟು ಬೇಯಿಸಿದ್ರಿ?’

‘ಇದ್ದಿದ್ದೆಲ್ಲ. ಏನಾಯ್ತೇ, ಯಾಕೆ ಹೀಗೆ ಏದುಸಿರು ಬಿಡ್ತಿದೀಯ?’

ಚೂಟಿ ಮಂಡಿಯೂರಿ ಕಟ್ಟೆಯ ಕೆಳಗಿನ ಬುಟ್ಟಿಯನ್ನು ಎಳೆದಳು. ಈರುಳ್ಳಿ ಇತ್ತು. ಕಸದ ಡಬ್ಬಿ ತೆರೆದು ಕೈ ಹಾಕಿದಳು. ‘ಸಿಪ್ಪೆ ಎಲ್ಲಿ?’

‘ಸಿಪ್ಪೆ ಸಮೇತ ಬೇಯಿಸಿದ್ದು. ಎಳೇ ಸಿಪ್ಪೆ, ಯಾರು ಸುಲೀತಾರೆ?’

‘ಚಿಕ್ಕಚಿಕ್ಕದೂ ಇತ್ತಲ್ಲ, ಗೋಲಿ ಥರದ್ದು? ಅದೂನಾ?’

‘ನಾನೇ ಹೇಳ್ದೆ’ ಎಂದರು ಅತ್ತಿಗೆ. ದನಿ ಹಗುರಾಗಿತ್ತು, ಬಹಳ ದಿನದಿಂದ ಹೊತ್ತದ್ದನ್ನು ಇಳಿಸಿದವರ ಹಾಗೆ. ‘ಅತ್ತೆ, ಒಂದೂ ಉಳಿಸಬೇಡಿ ಅಂತ ನಾನೇ ಹೇಳ್ದೆ. ಒಂದು ಉಳಿದ್ರೂ ಹೋಗಿ ಕುಂಡದಲ್ಲಿ ಹಾಕ್ತೀನಿ, ಮತ್ತೆ ಅದರ ಹಿಂದೆ ನಾಲ್ಕು ವರ್ಷ ಹೋಗುತ್ತೆ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ? ಬಾ, ಕೂತ್ಕೋ. ರುಚಿ ನೋಡು. ರೋಗ ತಡೀದಿದ್ರೇನಂತೆ, ರುಚಿಗೇನೂ ಮೋಸ ಇಲ್ಲ.’

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುತ್ತಾರೆ. ಇಲ್ಲಿ ಬಾಯಿಗೇ ಬಂದುಬಿಟ್ಟಿತ್ತು. ಚೂಟಿ ಪಾತ್ರೆಯೊಳಗೆ ಕೈ ಹಾಕಿ ಒಂದು ಗಡ್ಡೆಯನ್ನು ಹಿಡಿದಳು. ಕೈ ಸುಟ್ಟಿತು, ಬಿಡಲಿಲ್ಲ. ಸಿಪ್ಪೆ ಬಿರಿದು ಒಳಗಿನ ಹಿಟ್ಟು ಬೆರಳ ಸಂದಿಯಲ್ಲಿ ಹಿಸುಕಿಕೊಂಡು ಬಂತು. ಅದರ ಮೈಮೇಲಿನ ಕಣ್ಣುಗಳೆಲ್ಲ ಬೆಂದು ಮುಚ್ಚಿಹೋಗಿದ್ದವು.

‘ಅತ್ತಿಗೆ’ ಎಂದಳು. ‘ಅತ್ತಿಗೆ, ಇತ್ತು.’

‘ಏನಿತ್ತು?’

‘ಮೊಂಡಿಗೆ ಇತ್ತು. ನೀವು ಹೇಳಿದ್ದು ಸರಿ. ಇವತ್ತು ದೊಡ್ಡಿಯನ್ನ ಹಾಕಿ ನೋಡಿದೆ, ಅದಕ್ಕೂ ಇಲ್ಲ ಅಂತ ಬಂತು. ಒಳಗೆ ತೆಗೆದು ನೋಡಿದ್ರೆ ಇದೆ. ಮೊಂಡಿಗೂ ಇದೆ. ಮೂವತ್ತಾರರಲ್ಲಿ ಒಂಬತ್ತು.’

ಅತ್ತಿಗೆ ಅಗಿಯುವುದನ್ನು ನಿಲ್ಲಿಸಿದರು. ಬಾಯಲ್ಲಿದ್ದುದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅವರು ಕೂಗಾಡಿದ್ದರೆ, ತಟ್ಟೆ ಎಸೆದಿದ್ದರೆ ಚೂಟಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು.

‘ನಾಲ್ಕರಲ್ಲಿ ಒಂದು’ ಎಂದರು ಕೊನೆಗೆ. ‘ಅದು ಸರಿಯಾಗೇ ಇದೆಯಲ್ಲ. ಅಷ್ಟೇ ಬರಬೇಕು. ಮತ್ತೆ ಇಲ್ಲ ಅಂತ ಯಾಕೆ ಬಂತು?’

‘ಎರಡು ಅಂತ ಇತ್ತು. ಟೊಮೆಟೊಗೆ ಅಂತ ಕಟ್ಟಿದ್ದು. ನಾನು ಬದಲಾಯಿಸಲಿಲ್ಲ.’

‘ಎರಡಾ?’ ಅತ್ತಿಗೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ದಿಗಿಲಿತ್ತು. ಮನೆಯ ಮಗಳೇ ಮನೆ ಬಾಗಿಲು ಎಲ್ಲಿದೆ ಎಂದು ಕೇಳಿದ ಹಾಗೆ ಅವರು ಅವಳನ್ನು ನೋಡಿದರು. ‘ಆಲೂಗಡ್ಡೆಗೆ ಎರಡು ಅಂತ ಇಟ್ಟಿದ್ಯಾ?’

‘ನೀವು ಎಲೆ ಕೊಡುವಾಗ ಏನಾದ್ರೂ ಬೇರೆ ಇದೆಯಾ ಅಂತ ಕೇಳಿದ್ದೆ. ಏನೂ ಇಲ್ಲ, ಗುಂಡಿ ಒತ್ತು ಅಂದ್ರಿ.’

‘ಅದನ್ನ ಹೇಳಬೇಕಾ?’ ಎಂದರು ಅತ್ತಿಗೆ. ‘ಚೂಟಿ, ಅದನ್ನೂ ಹೇಳಬೇಕಿತ್ತಾ? ಹಗಲೂ ರಾತ್ರಿ ನಾಲ್ಕರಲ್ಲೇ ಬದುಕಿದೀನಿ ನಾನು. ಉಸಿರಾಡ್ತೀನಿ ಅಂತ ಯಾರಾದ್ರೂ ಹೇಳ್ತಾರಾ?’

ಅಮ್ಮನಿಗೆ ಎಲ್ಲ ಅರ್ಥವಾಗಲಿಲ್ಲ, ಆದರೆ ಅರ್ಥವಾಗಬೇಕಾದದ್ದು ಅರ್ಥವಾಯಿತು. ಅವರು ಕೈಯಲ್ಲಿದ್ದ ಪಾತ್ರೆಯನ್ನು ನೋಡಿದರು. ಅದನ್ನು ಮೆಲ್ಲಗೆ, ನಿದ್ದೆ ಮಾಡುವ ಕೂಸನ್ನು ಮಲಗಿಸುವಂತೆ ಕಟ್ಟೆಯ ಮೇಲಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ‘ನಾನೇ ಬೇಯಿಸಿಬಿಟ್ಟೆನಲ್ಲೇ’ ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ದಿನಕ್ಕೆ ನಾಲ್ಕು ಸಲ ಹೇಳುವ ಬಾಯಿ ಅದು. ಆ ದಿನ ಆ ಗಾದೆ ಅವರಿಗೆ ನೆನಪಾಗದಿದ್ದದ್ದೇ ಪುಣ್ಯ.

‘ಮತ್ತೆ ಮಾಡಬಹುದು ಅಲ್ವಾ ಅತ್ತಿಗೆ? ದೊಡ್ಡಿ ಇದೆ’ ಎಂದಳು ಚೂಟಿ. ಹೇಳುವಾಗಲೇ ತನ್ನ ಮಾತು ತನಗೇ ಹೇಸಿಗೆಯೆನಿಸಿತು.

‘ಮಾಡಬಹುದು. ಹತ್ತು ವರ್ಷ ಬೇಕು. ನನಗೆ ನಿವೃತ್ತಿಗೆ ಇರೋದು ಆರು.’

ಚೂಟಿಯ ಫೋನು ಆಗ ಹೊಡೆದುಕೊಂಡಿತು. ಹಿಟ್ಟು ಮೆತ್ತಿದ ಬೆರಳಿನಲ್ಲೇ ಒತ್ತಿದಳು, ಅದು ಸ್ಪೀಕರಿಗೆ ಹೋಯಿತು. ಬೇರೊಂದು ಕೇಂದ್ರದಲ್ಲಿ ಸ್ಟ್ರಾಬೆರಿ ತಳಿ ಬೆಳೆಸುವಾಕೆ. ಮುಖ ನೋಡಿಲ್ಲದಿದ್ದರೂ ಪೈಪ್‌ಲೈನ್ ಇಳಿಸಿಕೊಂಡಾಗಿನಿಂದ ಆಗಾಗ ಮಾತಾಡುವ, ತುಂಬು ಗಂಟಲಿನ ಹೆಂಗಸು.

‘ಮೇಡಂ, ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ! ನಿಮ್ಮ ಪೈಪ್‌ಲೈನ್ ನಮ್ಮ ತಲೆನೋವೆಲ್ಲ ಕಳೀತು ನೋಡಿ. ಮುನ್ನೂರು ತಳಿಯಲ್ಲಿ ಹದಿನೈದು ಉಳಿಸ್ಕೊಂಡ್ವಿ. ಉಳಿದಿದ್ದನ್ನ ಬೆಳಿಗ್ಗೆಯಿಂದ ಕೀಳ್ತಾ ಇದೀವಿ, ಹೊಲ ಅರ್ಧ ಖಾಲಿ ಆಯ್ತು.’

ಒಬ್ಬರ ಮನೆಯಲ್ಲಿ ಆದ ಅನಾಹುತ ಎಂದುಕೊಂಡಿದ್ದಳು ಚೂಟಿ. ಇಪ್ಪತ್ತಕ್ಕೂ ಹೆಚ್ಚು ಕಡೆ ಅದೇ ಗುಂಡಿ, ಅದೇ ಜರಡಿ, ಅದೇ ಎರಡು. ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ಬಳಸಬಹುದು ಎಂದು ಹೆಮ್ಮೆಯಿಂದ ಬರೆದುಕೊಟ್ಟವಳು ತಾನೇ.

‘ಸ್ಟ್ರಾಬೆರಿಗೆ ಎಷ್ಟು?’ ಎಂದು ಅತ್ತಿಗೆ ಪಿಸುಗುಟ್ಟಿದರು. ಉತ್ತರ ಅವರಿಗೇ ಗೊತ್ತಿತ್ತು. ಎಂಟು. ಎರಡಲ್ಲ, ನಾಲ್ಕೂ ಅಲ್ಲ, ಎಂಟು.

ಕುರ್ಚಿ ಹಿಂದಕ್ಕೆ ಬಿತ್ತು. ಅತ್ತಿಗೆ ಮೇಜಿನ ಆಚೆಯಿಂದಲೇ ಬಾಗಿ ಫೋನು ಕಿತ್ತುಕೊಂಡರು. ‘ಕೀಳೋದು ನಿಲ್ಲಿಸಿ!’ ಎಂದು ಕೂಗಿದರು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಈಗಲೇ! ಫೋನ್ ಹಿಡ್ಕೊಂಡೇ ಓಡಿ. ಪಟ್ಟಿ ತಪ್ಪಿದೆ. ಓಡಿ ತಾಯಿ, ಆಮೇಲೆ ಕೇಳಿ ಯಾಕೆ ಅಂತ.’

ಆ ಕಡೆ ಓಡುವ ಸದ್ದು, ಬಾಗಿಲು ಬಡಿದ ಸದ್ದು, ಯಾರನ್ನೋ ಕೂಗಿ ಕರೆಯುವ ಸದ್ದು ಕೇಳಿಸಿತು. ಆಮೇಲೆ ಮೇಲುಸಿರು ಬಿಡುತ್ತಾ ಆಕೆ, ‘ನಿಲ್ಲಿಸಿದ್ರು. ನಿಲ್ಲಿಸಿದ್ರು’ ಎಂದಳು.

‘ಕಿತ್ತಿದ್ದನ್ನ ಏನು ಮಾಡಿದೀರಿ?’

‘ಇಲ್ಲೇ ಬದಿಗೆ ಗುಡ್ಡೆ ಹಾಕಿದೀವಿ.’

‘ಬೇರು ಒಣಗೋಕೆ ಬಿಡಬೇಡಿ. ಒದ್ದೆ ಗೋಣಿ ಮುಚ್ಚಿ, ನೆರಳಿಗೆ ಎಳೀರಿ. ಗಿಡಕ್ಕೆ ಕಟ್ಟಿರೋ ಗುರುತಿನ ಚೀಟಿ ಒಂದನ್ನೂ ಬಿಚ್ಚಬೇಡಿ. ಸಂಜೆಯೊಳಗೆ ಎಲ್ಲ ಮತ್ತೆ ಮಣ್ಣಿಗೆ ಹೋಗಬೇಕು.’

‘ಆಯ್ತು. ಆಯ್ತು. ನೀವು ಯಾರು ಮಾತಾಡ್ತಿರೋದು?’

‘ನಾನು ಆಲೂಗಡ್ಡೆಯವಳು’ ಎಂದರು ಅತ್ತಿಗೆ. ‘ನಂದು ಬೆಂದುಹೋಯ್ತು. ನಿಮ್ಮದು ಇನ್ನೂ ಬದುಕಿದೆ. ಹೋಗಿ, ನೀರು ಹಾಕಿ.’

ಫೋನನ್ನು ಅವರು ಚೂಟಿಯ ಮುಂದೆ ಮೇಜಿನ ಮೇಲಿಟ್ಟರು. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಚೂಟಿ ಅವರ ಕಾಲು ಹಿಡಿಯುವವಳಂತೆ ಬಗ್ಗಿದಳು, ಅವರು ಭುಜ ಹಿಡಿದು ಎತ್ತಿ ಕೂರಿಸಿದರು. ಆ ಹಿಡಿತ ಮೆತ್ತಗಿರಲಿಲ್ಲ.

‘ಇನ್ನೂ ಯಾರ್ಯಾರ ಹತ್ರ ಇದೆ?’

‘ಇಪ್ಪತ್ತಕ್ಕೂ ಮೇಲೆ. ಗೋಧಿಯವರು, ಹತ್ತಿಯವರು, ಕಬ್ಬಿನವರು, ಇವರದ್ಯಾವುದೂ ಎರಡಲ್ಲ...’

‘ಮಾಡು. ಒಬ್ಬರನ್ನೂ ಬಿಡಬೇಡ. ಅಳೋದಿದ್ರೆ ಆಮೇಲೆ. ನಾನೂ ಆಮೇಲೆ ಅಳ್ತೀನಿ.’

ಚೂಟಿ ಕಣ್ಣೊರೆಸಿಕೊಂಡು ಗೋಧಿಯವರ ನಂಬರು ಒತ್ತಿದಳು. ನನ್ನ ಪೈಪ್‌ಲೈನ್ ತಪ್ಪು, ತಪ್ಪು ನನ್ನದು, ಪಟ್ಟಿ ನೋಡಿ ಏನನ್ನೂ ತೆಗೆದುಹಾಕಬೇಡಿ ಎಂದಳು. ಆ ಕಡೆಯವರು ನಂಬಲಿಲ್ಲ, ಅವಳು ಮತ್ತೆ ಮೊದಲಿಂದ ಹೇಳಿದಳು. ಅತ್ತಿಗೆ ತಟ್ಟೆಯ ಮುಂದೆ ಕೈ ಕಟ್ಟಿ ಕುಳಿತು ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು.

ಹತ್ತಿಯವರು ಫೋನ್ ಎತ್ತುವ ಹೊತ್ತಿಗೆ ಅತ್ತಿಗೆಯ ‘ಆಮೇಲೆ’ ಬಂದುಬಿಟ್ಟಿತ್ತು. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ತಡೆಯಲಾರದೆ, ಅರ್ಧ ತಿಂದ ತಟ್ಟೆಯ ಮುಂದೆಯೇ ಅವರು ಅಳತೊಡಗಿದರು. ಅಮ್ಮ ಹೋಗಿ ಸೊಸೆಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. ಅತ್ತಿಗೆ ಮದುವೆಯಾಗಿ ಬಂದಂದಿನಿಂದ ಚೂಟಿ ಆ ಅಳು ಕೇಳಿದ್ದು ಅದೇ ಮೊದಲು. ಹಿಂದೆ ಏನದು ಸದ್ದು ಎಂದು ಹತ್ತಿಯವರು ಕೇಳಿದರು. ಚೂಟಿ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ದನಿ ಏರಿಸಿ, ಏನನ್ನೂ ಕೀಳಬೇಡಿ ಎಂದು ಮತ್ತೊಮ್ಮೆ ಹೇಳಿದಳು.